ಕ್ಯಾಲ್ಸಿಯಂ ಹಿಂದೆ ಓಡಿದೆ, ತಪ್ಪು ಇದ್ದದ್ದು ಉಪ್ಪಿನಲ್ಲಿ

ಮ್ಯೂನಿಕ್‌ನ ನಮ್ಮ ಮನೆಯಲ್ಲಿ ಸಮುದ್ರದ ನೀರಿನ ಒಂದು ಪುಟ್ಟ ಟ್ಯಾಂಕ್ ಇದೆ. ಅಳತೆ 60 ಲೀಟರ್, ಆದರೆ ಕಲ್ಲು ಮರಳು ಕಳೆದರೆ ನೀರು 50 ಲೀಟರ್ ಅಷ್ಟೇ. ಎರಡು ಕ್ಲೌನ್ ಮೀನು, ಒಂದು ಹ್ಯಾಮರ್ ಹವಳ, ಅಂಗೈ ಅಗಲದ ಒಂದು ಮಾಂಟಿಪೋರಾ, ಅದೂ ಹವಳವೇ. ಈ ಹುಚ್ಚು ಹತ್ತಿದ್ದು ಮುರುಡೇಶ್ವರದ ಹತ್ತಿರ ನೇತ್ರಾಣಿಯಲ್ಲಿ ಮೊದಲ ಸಲ ನೀರಿಗಿಳಿದು ಹವಳ ನೋಡಿದಾಗ. ನಾವೂ ಇಡಬಹುದಾ ಅಂತ ಊರಿನ ಗೆಳೆಯರು ಕೇಳುತ್ತಾರೆ. ಭಾರತದಲ್ಲಿ ಗಟ್ಟಿ ಹವಳ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಷೆಡ್ಯೂಲಿನಲ್ಲಿದೆ, ಹುಲಿಯ ಜೊತೆಗೇ. ಹಾಗಾಗಿ ಅಲ್ಲಿ ಬೇಡವೇ ಬೇಡ. ನನ್ನವು ಇಲ್ಲಿಯೇ ಟ್ಯಾಂಕಿನಲ್ಲಿ ಬೆಳೆಸಿ ಕತ್ತರಿಸಿ ಕೊಟ್ಟ ತುಂಡುಗಳು.

ಹವಳ ತನ್ನ ಮೈಗೆ ಬೇಕಾದ ಕಲ್ಲನ್ನು ನೀರಿನಿಂದಲೇ ಕಟ್ಟಿಕೊಳ್ಳುತ್ತದೆ. ಅದಕ್ಕೆ ಕ್ಯಾಲ್ಸಿಯಂ ಬೇಕು, ಕಾರ್ಬೊನೇಟೂ ಬೇಕು. ಈ ಎರಡನೆಯದನ್ನು ನಾವು ಕೆಎಚ್ ಅಂತ ಅಳೆಯುತ್ತೇವೆ. ಸಮುದ್ರದಲ್ಲಿ ಕ್ಯಾಲ್ಸಿಯಂ ಲೀಟರಿಗೆ 420 ಮಿಲಿಗ್ರಾಂ ಆಸುಪಾಸು, ಕೆಎಚ್ 7 ರಷ್ಟು, ಮೆಗ್ನೀಷಿಯಂ 1300 ರ ಹತ್ತಿರ.

ನಾನು ಮೊದಲ ಸಲ ಅಳೆದಾಗ ಕ್ಯಾಲ್ಸಿಯಂ 360 ಬಂತು. ಕೆಎಚ್ 7 ಇತ್ತು. ಕ್ಯಾಲ್ಸಿಯಂ ಕಿಟ್‌ನ ಪರೀಕ್ಷೆಯಲ್ಲಿ ನೀರು ಮೊದಲು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಸಿರಿಂಜಿನಿಂದ ಹನಿ ಹನಿಯಾಗಿ ಬಿಡುತ್ತಾ ಹೋದರೆ ನೇರಳೆಯಾಗಿ, ಆಮೇಲೆ ಒಂದೇ ಒಂದು ಹನಿಗೆ ಪೂರ್ತಿ ನೀಲಿ. ಆ ಕೊನೆಯ ಹನಿಗೆ ಅವಸರ ಮಾಡಬಾರದು, ಎರಡು ಹನಿ ಜಾಸ್ತಿ ಬಿದ್ದರೂ ಲೆಕ್ಕ ತಪ್ಪುತ್ತದೆ. ಮೂರು ಸಲ ಮಾಡಿದೆ, ಮೂರು ಸಲವೂ 360.

ಸರಿ, ಕಮ್ಮಿ ಇದೆ, ಹಾಕಿದರಾಯಿತು ಅಂದುಕೊಂಡೆ. 13 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿ ನಿಧಾನವಾಗಿ ಹಾಕಿದೆ, 425 ಕ್ಕೆ ಬಂತು. ಅಲ್ಲಿಗೆ ನಿಲ್ಲಿಸಬೇಕಿತ್ತು. ಕೆಎಚ್ ಕೂಡ ಏರಿಸೋಣ ಅಂತ ಅದೇ ಸಂಜೆ ಸೋಡಿಯಂ ಕಾರ್ಬೊನೇಟ್ ಕರಗಿಸಿ ಒಂದೇ ಸಲ ಸುರಿದೆ. ಸುರಿದ ಜಾಗದಲ್ಲಿ ಹಾಲು ಒಡೆದ ಹಾಗೆ ಬಿಳಿ ಮೋಡ ಎದ್ದಿತು, ಐದು ನಿಮಿಷದಲ್ಲಿ ಇಡೀ ಟ್ಯಾಂಕ್ ಮಬ್ಬು. ಹ್ಯಾಮರ್ ಪೂರ್ತಿ ಒಳಗೆ ಸೇದಿಕೊಂಡಿತು. ರಾತ್ರಿಯಿಡೀ ಅದರ ಮುಂದೆಯೇ ಕೂತಿದ್ದೆ. ಬೆಳಿಗ್ಗೆ ನೋಡಿದರೆ ಕೆಎಚ್ 6.5, ಕ್ಯಾಲ್ಸಿಯಂ 400. ಎರಡೂ ಒಟ್ಟಿಗೆ ಸೇರಿ ಸುಣ್ಣದ ಕಲ್ಲಾಗಿ ಹೀಟರಿನ ಮೇಲೆ, ಪಂಪಿನ ಒಳಗೆ ಕೂತಿದ್ದವು. ಆ ಪದರ ಹೋಗೋಕೆ ಹೀಟರನ್ನು ಒಂದು ಗಂಟೆ ವಿನೆಗರ್‌ನಲ್ಲಿ ನೆನೆಹಾಕಬೇಕಾಯಿತು.

ಆಗ ಮೆಗ್ನೀಷಿಯಂ ಅಳೆದೆ. 1080. ಅದು ಕಮ್ಮಿಯಿದ್ದರೆ ಕ್ಯಾಲ್ಸಿಯಂ, ಕಾರ್ಬೊನೇಟ್ ನೀರಿನಲ್ಲಿ ನಿಲ್ಲದೆ ಬೇಗ ಕಲ್ಲಾಗಿ ಇಳಿದುಬಿಡುತ್ತವೆ. ಆದರೆ ಕ್ಯಾಲ್ಸಿಯಂ, ಮೆಗ್ನೀಷಿಯಂ ಎರಡೂ ಹೆಚ್ಚುಕಮ್ಮಿ ಒಂದೇ ಪ್ರಮಾಣದಲ್ಲಿ ಕಮ್ಮಿ ಯಾಕೆ? ಈ ಪ್ರಶ್ನೆ ಬಂದ ಮೇಲೆಯೇ ದಾರಿ ಕಂಡಿದ್ದು. ಉಪ್ಪಿನಂಶ ನೋಡೋಕೆ ನನ್ನ ಹತ್ತಿರ ಇದ್ದದ್ದು ಮುಳ್ಳು ತೂಗಾಡುವ ಪ್ಲಾಸ್ಟಿಕ್ ಹೈಡ್ರೋಮೀಟರ್. ಮುಳ್ಳಿಗೆ ಸಣ್ಣ ಗುಳ್ಳೆಗಳು ಅಂಟಿದ್ದರೆ ಅದು ಮೇಲಕ್ಕೆದ್ದು ಜಾಸ್ತಿ ತೋರಿಸುತ್ತದೆ. ಗೆಳೆಯನ ರಿಫ್ರಾಕ್ಟೋಮೀಟರ್, ಅಂದರೆ ನೀರಿನಲ್ಲಿ ಬೆಳಕು ಬಾಗುವುದನ್ನು ನೋಡಿ ಉಪ್ಪಿನಂಶ ಹೇಳುವ ಸಾಧನ, ತಂದು, ಉಪ್ಪಿನಂಶ 35 ಇರುವ ಮಾಪನ ದ್ರವದಲ್ಲಿ ಸರಿಹೊಂದಿಸಿ ನೋಡಿದೆ. ಲೀಟರಿಗೆ 35 ಗ್ರಾಂ ಇದೆ ಅಂದುಕೊಂಡಿದ್ದ ಉಪ್ಪು 30 ಇತ್ತು. 420 ನ್ನು 35 ರಿಂದ ಭಾಗಿಸಿ 30 ರಿಂದ ಗುಣಿಸಿ ನೋಡಿ, ಸರಿಯಾಗಿ 360.

ತಿಂಗಳುಗಟ್ಟಲೆ ನನ್ನ ಹವಳಗಳು ತೆಳು ನೀರಿನಲ್ಲಿ ಬದುಕಿದ್ದವು. ಇದು ನನಗೆ ಈಗಲೂ ಬೇಜಾರು.

ಎರಡು ವಾರ, ಆವಿಯಾದ ನೀರಿನ ಬದಲು ಉಪ್ಪುನೀರು ತುಂಬಿಸುತ್ತಾ ನಿಧಾನವಾಗಿ 35 ಕ್ಕೆ ತಂದೆ. ಮೆಗ್ನೀಷಿಯಂ ತಾನಾಗಿಯೇ 1260 ಕ್ಕೆ ಏರಿತು. ಆಮೇಲೆ ಏನೂ ಹಾಕದೆ ಮೂರು ದಿನ ಸುಮ್ನೆ ಕೆಎಚ್ ಮಾತ್ರ ಅಳೆದೆ. ದಿನಕ್ಕೆ 0.6 ಇಳಿಯುತ್ತಿತ್ತು. ಕೆಎಚ್ 1 ಇಳಿದರೆ ಕ್ಯಾಲ್ಸಿಯಂ 7 ಇಳಿದಿರುತ್ತದೆ, ಅಂದರೆ ನನ್ನ ಟ್ಯಾಂಕಿಗೆ ದಿನಕ್ಕೆ 4 ಚಿಲ್ಲರೆ. ಕ್ಯಾಲ್ಸಿಯಂ ಕಿಟ್‌ನಲ್ಲಿ ಇಷ್ಟು ಸಣ್ಣ ವ್ಯತ್ಯಾಸ ಕಾಣೋದೇ ಇಲ್ಲ, ಅದಕ್ಕೇ ಕೆಎಚ್ ನಂಬಬೇಕು.

ಇದನ್ನು ತುಂಬೋಕೆ ನಾನು ಆರಿಸಿಕೊಂಡದ್ದು ಕಾಲ್ಕ್‌ವಾಸರ್. ಹೆಸರು ಜರ್ಮನ್, ವಸ್ತು ನಮ್ಮ ಸುಣ್ಣದ ತಿಳಿನೀರೇ. ಆದರೆ ಎಲೆ ಅಡಿಕೆ ಸುಣ್ಣ ಹಾಕಬೇಡಿ, ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಪುಡಿಯೇ ಬೇಕು. ಇದರಲ್ಲಿ ಕ್ಯಾಲ್ಸಿಯಂ, ಕೆಎಚ್ ಎರಡೂ ಹವಳ ತಿನ್ನುವ ಪ್ರಮಾಣದಲ್ಲೇ ಸಿಗುತ್ತವೆ. ದಿನಕ್ಕೆ ಒಂದು ಲೀಟರ್ ಆವಿಯಾಗುತ್ತದೆ. ಅಷ್ಟು ಆರ್‌ಓ ನೀರಿಗೆ 0.4 ಗ್ರಾಂ ಪುಡಿ, ಮುಚ್ಚಳ ಹಾಕಿದ ಬಾಟಲಿ, ಡ್ರಿಪ್ ನಳಿಕೆ, ಎರಡು ಸೆಕೆಂಡಿಗೊಂದು ಹನಿ. ಬಾಟಲಿ ತೆರೆದಿಟ್ಟರೆ ಗಾಳಿ ತಾಕಿ ಮೇಲೆ ಕೆನೆ ಕಟ್ಟುತ್ತದೆ, ಅಷ್ಟು ಸುಣ್ಣ ವ್ಯರ್ಥ. ರಾತ್ರಿ ಹೊತ್ತೇ ಬಿಡುತ್ತೇನೆ, ದೀಪ ಆರಿದ ಮೇಲೆ ಪಿಎಚ್ ಇಳಿಯುವುದನ್ನು ಇದು ಹಿಡಿದು ನಿಲ್ಲಿಸುತ್ತದೆ. ಪುಡಿ ಕಣ್ಣಿಗೆ ಬಿದ್ದರೆ ಸುಡುತ್ತದೆ, ಕನ್ನಡಕ, ಗ್ಲೌಸ್ ಬೇಕೇ ಬೇಕು.

ಊರಿಗೆ ಮೂರು ವಾರ ಹೊರಟಾಗ 0.4 ಗ್ರಾಂನ 21 ಪೊಟ್ಟಣ ಕಟ್ಟಿ, ದಿನಾಂಕ ಬರೆದು ಪಕ್ಕದ ಮನೆಯವರಿಗೆ ಕೊಟ್ಟಿದ್ದೆ. ಬಂದು ಅಳೆದಾಗ ಕೆಎಚ್ 7.8, ಕ್ಯಾಲ್ಸಿಯಂ 415. ಮಾಂಟಿಪೋರಾದ ಅಂಚಿನ ಸುತ್ತ ಉಗುರಿನ ಬಿಳುಪಿನಷ್ಟು ಹೊಸ ಗೆರೆ ಮೂಡಿತ್ತು.