ಕೈ ತೊಳೆಯುವಷ್ಟು ಹೊತ್ತಿನ ಪ್ರಾರ್ಥನೆ

ನಾನು ಬಾಗಲಕೋಟೆಯ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಐಸಿಯು ಡ್ಯೂಟಿ, ಅದರಲ್ಲೂ ನೈಟ್ ಜಾಸ್ತಿ. ಮನೆ ನವನಗರದಲ್ಲಿ, ತವರು ಗುಳೇದಗುಡ್ಡ. ದೇವರ ಹತ್ತಿರ ಬಲ ಕೇಳುವುದು ನನಗೆ ಹಬ್ಬಕ್ಕೊಮ್ಮೆ ಮಾಡುವ ಕೆಲಸ ಅಲ್ಲ, ದಿನದ ಪಾಡು. ಹೇಗೆ ಕೇಳ್ತೀರಿ ಅಕ್ಕಾ ಅಂತ ನಮ್ಮ ಚರ್ಚಿನ ಸಭೆಯಲ್ಲಿ ನರ್ಸಿಂಗ್ ಓದುವ ಹುಡುಗಿಯರು ಕೇಳುತ್ತಿರುತ್ತಾರೆ. ಅದನ್ನೇ ಬರೆಯುತ್ತಿದ್ದೇನೆ. ಬೋಧನೆ ಅಂತ ತಿಳಿಯಬೇಡಿ, ಅದಕ್ಕೆ ಸಭೆಯ ಪಾಸ್ಟರ್ ಅಯ್ಯನವರಿದ್ದಾರೆ.

"ಸ್ವಾಮೀ, ಬಲ ಕೊಡು" ಅನ್ನುವ ಮಾತು ಎಲ್ಲರ ಬಾಯಲ್ಲೂ ಇದೆ. ನಾನು ಅಷ್ಟಕ್ಕೇ ನಿಲ್ಲಿಸುವುದಿಲ್ಲ. ಯಾವುದಕ್ಕೆ ಬಲ ಬೇಕು ಅಂತ ಬಿಡಿಸಿ ಹೇಳುತ್ತೇನೆ. "ಮೂರನೇ ಬೆಡ್ಡಿನ ಅಜ್ಜನ ಮಗ ಇನ್ನೊಂದು ತಾಸಿಗೆ ಮತ್ತೆ ಬಂದು ಕೂಗಾಡುತ್ತಾನೆ. ಅವನ ಮೇಲೆ ರೇಗದೆ, ಇದ್ದದ್ದನ್ನು ಇದ್ದ ಹಾಗೆ ಹೇಳುವುದಕ್ಕೆ ಬಲ ಕೊಡು." ಹೀಗೆ ಹೇಳುವಾಗ ನನಗೆ ನಿಜವಾಗಿ ಬೇಕಾದದ್ದು ಏನು ಅಂತ ನನಗೇ ಗೊತ್ತಾಗುತ್ತದೆ. ಎಷ್ಟೋ ಸಲ ಅದು ಬಲವೇ ಆಗಿರುವುದಿಲ್ಲ. ತಾಳ್ಮೆ ಆಗಿರುತ್ತದೆ, ಕ್ಷಮೆ ಆಗಿರುತ್ತದೆ, ಒಮ್ಮೊಮ್ಮೆ ಸುಮ್ನೆ ಒಂದು ಕಪ್ ಚಹಾ. ಬಿಡಿಸಿ ಕೇಳಿದ್ದಕ್ಕೆ ಉತ್ತರ ಬಂದರೆ ಗುರುತೂ ಸಿಗುತ್ತದೆ. "ಬಲ ಕೊಡು" ಅಂತ ಬಿಟ್ಟರೆ ಬಂತೋ ಇಲ್ಲವೋ ಯಾರು ಹೇಳಬೇಕು?

ಈ ರೂಢಿ ಕಲಿಸಿದ್ದು ನಮ್ಮ ಸ್ತ್ರೀಯರ ಕೂಟದ ಒಬ್ಬ ಹಿರಿಯಮ್ಮ. "ತಂಗೀ, ದೇವರು ನಿಮ್ಮಪ್ಪ ಅದಾನ. ಅಪ್ಪನ ಮುಂದ ಅರ್ಜಿ ಭಾಷೆ ಯಾಕ ಮಾತಾಡ್ತೀ? ಏನ್ ಬೇಕು ಹೇಳು" ಅಂದಿದ್ದರು.

ಏನು ಕೇಳಬೇಕು ಅನ್ನುವುದನ್ನು ಮಾತ್ರ ಕಲಿತದ್ದು ಬೈಬಲಿನಲ್ಲಿ ಅಪೊಸ್ತಲ ಪೌಲ ಎಫೆಸದ ಸಭೆಯವರಿಗೆ ಬರೆದ ಪತ್ರದ ಮೂರನೇ ಅಧ್ಯಾಯದಿಂದ. 14ನೇ ವಚನದಿಂದ ಅಲ್ಲಿ ಪೌಲನ ಒಂದು ಪ್ರಾರ್ಥನೆ ಇದೆ. ಮೊಣಕಾಲೂರಿ ಕೇಳುತ್ತಾನೆ. ತಂದೆ ತನ್ನ ಆತ್ಮನ ಮೂಲಕ ನಿಮ್ಮನ್ನು ಒಳಗಿನಿಂದ ಬಲಪಡಿಸಲಿ, ಕ್ರಿಸ್ತನು ನಿಮ್ಮ ಹೃದಯದಲ್ಲಿ ವಾಸಮಾಡಲಿ, ನೀವು ಪ್ರೀತಿಯಲ್ಲಿ ಬೇರೂರಿ ನಿಲ್ಲಿರಿ, ಆ ಪ್ರೀತಿಯ ಅಗಲ ಉದ್ದ ಎತ್ತರ ಆಳ ಎಲ್ಲ ದೇವಜನರ ಜೊತೆ ನಿಮಗೂ ತಿಳಿಯಲಿ. ಇದನ್ನು ಬರೆಯುವಾಗ ಅವನು ಸೆರೆಯಲ್ಲಿದ್ದ. ಅದೇ ಅಧ್ಯಾಯದ ಮೊದಲ ಸಾಲಿನಲ್ಲೇ ಹಾಗಂತ ಹೇಳಿಕೊಳ್ಳುತ್ತಾನೆ. ಕೊನೆಯ ಅಧ್ಯಾಯದಲ್ಲಿ ನನಗಾಗಿಯೂ ಪ್ರಾರ್ಥಿಸಿ ಅನ್ನುತ್ತಾನೆ. ಸರಪಳಿ ಕಳಚಲಿ ಅಂತ ಅಲ್ಲ, ಬಾಯಿ ತೆರೆದು ಧೈರ್ಯದಿಂದ ಸುವಾರ್ತೆ ಹೇಳುವಂತಾಗಲಿ ಅಂತ!

ಇದನ್ನು ಓದಿದಾಗೆಲ್ಲ ನನಗೆ ಸೋಜಿಗ. ನಮ್ಮ ಕೂಟದಲ್ಲಿ ಪ್ರಾರ್ಥನೆ ವಿಷಯ ಕೊಡಿ ಅಂದರೆ ಬರುವುದು ಬಿಪಿ, ಶುಗರ್, ಮಗಳ ಮದುವೆ, ಮಗನ ನೌಕರಿ, ಹೊಲದ ಕೋರ್ಟ್ ಕೇಸು. ಎಲ್ಲವೂ ಸರಪಳಿ ಕಳಚುವ ವಿಷಯ. ಒಳಗೆ ಬಲ ಬರಲಿ ಅಂತ ಚೀಟಿ ಕೊಟ್ಟವರನ್ನು ನಾನು ನೋಡಿದ್ದು ಕಡಿಮೆ.

ಹಾಗಂತ ಬಿಡುಗಡೆ ಕೇಳಲೇಬಾರದು ಅಂತಲ್ಲ. ಅದೇ ಪೌಲ ಫಿಲೆಮೋನನಿಗೆ ಬರೆದ ಪುಟ್ಟ ಪತ್ರದ ಕೊನೆಗೆ, ನಿಮ್ಮ ಪ್ರಾರ್ಥನೆಯಿಂದ ನಿಮ್ಮಲ್ಲಿಗೆ ಬಂದೇನು ಅಂತ ನಿರೀಕ್ಷೆ ಇದೆ, ನನಗೊಂದು ಕೋಣೆ ಸಿದ್ಧಮಾಡಿಡು ಅನ್ನುತ್ತಾನೆ. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ಸ್ವಾಮಿಯೂ ಈ ಸಂಕಟದ ಪಾತ್ರೆ ದೂರವಾಗಲಿ ಅಂತಲೇ ಕೇಳಿದ್ದು. ಲೂಕನ ಸುವಾರ್ತೆಯ 22ನೇ ಅಧ್ಯಾಯದಲ್ಲಿ ಆ ರಾತ್ರಿಯ ಒಂದು ವಿವರ ಇದೆ, ಬೇರೆ ಸುವಾರ್ತೆಗಳಲ್ಲಿ ಅದು ಇಲ್ಲ. ಪರಲೋಕದಿಂದ ಒಬ್ಬ ದೂತ ಬಂದು ಆತನನ್ನು ಬಲಪಡಿಸಿದ. ಅದರ ಮುಂದಿನ ವಚನದಲ್ಲಿ ಸಂಕಟ ಇಳಿಯಿತು ಅಂತ ಇಲ್ಲ. ಇನ್ನೂ ಮನಸ್ಸಿಟ್ಟು ಪ್ರಾರ್ಥಿಸಿದ, ಬೆವರು ರಕ್ತದ ದೊಡ್ಡ ಹನಿಗಳಂತೆ ನೆಲಕ್ಕೆ ಬೀಳುತ್ತಿತ್ತು ಅಂತ ಇದೆ. ಬಲ ಬಂದ ಮೇಲೆ ಬೆವರು! ಐಸಿಯುನಲ್ಲಿ ಕೆಲಸ ಮಾಡುವವಳಿಗೆ ಇದು ದೊಡ್ಡ ಸಮಾಧಾನ. ಪ್ರಾರ್ಥನೆ ಮಾಡಿ ಒಳಗೆ ಹೋದರೂ ಎದೆ ಹೊಡೆದುಕೊಳ್ಳುತ್ತಿದ್ದರೆ, ದೇವರು ಕೇಳಲಿಲ್ಲ ಅಂತ ನಾನು ಅಂದುಕೊಳ್ಳುವುದಿಲ್ಲ. ಕೆಲಸ ನಡೆಯುತ್ತಿದೆಯಾ ನೋಡುತ್ತೇನೆ. ನಡೆಯುತ್ತಿದ್ದರೆ ಬಲ ಬಂದಿದೆ.

ಇನ್ನು ಹೊತ್ತಿನ ಮಾತು. ನೈಟ್ ಡ್ಯೂಟಿ ಮಾಡುವವರಿಗೆ ಬೆಳಗ್ಗೆ ನಾಲ್ಕಕ್ಕೆ ಎದ್ದು ಪ್ರಾರ್ಥಿಸಿ ಅಂತ ಹೇಳಿದರೆ ನಗಬೇಕಾಗುತ್ತದೆ. ಆ ಹೊತ್ತಿಗೆ ನಾವು ಬ್ಲಡ್ ಸ್ಯಾಂಪಲ್ ತೆಗೆಯುತ್ತಿರುತ್ತೇವೆ. ಆದರೆ ನಮಗೆ ಇನ್ನೊಂದು ಹೊತ್ತು ಸಿಗುತ್ತದೆ. ಕೈ ತೊಳೆಯುವ ಹೊತ್ತು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಸೋಪು ನೀರಿನಲ್ಲಿ ಕೈ ತೊಳೆಯಲು 40ರಿಂದ 60 ಸೆಕೆಂಡ್ ಬೇಕು. ಅಂಗೈಗೆ ಅಂಗೈ, ಮೇಲ್ಗೈ, ಬೆರಳ ಸಂದು, ಬೆರಳ ಹಿಂಬದಿ, ಹೆಬ್ಬೆರಳು, ಆಮೇಲೆ ಉಗುರ ತುದಿ. ಯೇಸು ಸ್ವಾಮಿ ಕಲಿಸಿದ ಕರ್ತನ ಪ್ರಾರ್ಥನೆಯನ್ನು ಅವಸರ ಮಾಡದೆ ಹೇಳಿಕೊಂಡರೆ ಇದರೊಳಗೇ ಮುಗಿಯುತ್ತದೆ. "ಪರಲೋಕದಲ್ಲಿರುವ ನಮ್ಮ ತಂದೆಯೇ" ಅಂತ ನಲ್ಲಿ ತಿರುಗಿಸುತ್ತೇನೆ. ಹೆಬ್ಬೆರಳಿಗೆ ಬರುವಷ್ಟರಲ್ಲಿ "ನಮ್ಮ ಅನುದಿನದ ಆಹಾರ" ಬಂದಿರುತ್ತದೆ. ಕೊನೆಗೆ ನೀರು ಬಿಟ್ಟುಕೊಳ್ಳುವಾಗ ಮುಂದಿನ ಬೆಡ್ಡಿನ ಪೇಷಂಟ್ ಹೆಸರು. ಅಷ್ಟೇ. ಒಂದು ಶಿಫ್ಟಿನಲ್ಲಿ ಎಷ್ಟು ಸಲ ಕೈ ತೊಳೆಯುತ್ತೇವೆ ಅಂತ ನರ್ಸ್‌ಗಳಿಗೆ ಗೊತ್ತು, ಅಷ್ಟು ಸಲ ಪ್ರಾರ್ಥನೆ ಆಯಿತು. ಸ್ಯಾನಿಟೈಸರ್ ಆದರೆ 20-30 ಸೆಕೆಂಡ್ ಮಾತ್ರ, ಅದಕ್ಕೆ ನಾನು "ಯೆಹೋವನು ನನಗೆ ಕುರುಬನು, ಕೊರತೆಪಡೆನು" ಇಟ್ಟುಕೊಂಡಿದ್ದೇನೆ. ನಮ್ಮ ಜೂನಿಯರ್ ಹುಡುಗಿ ಲಿಂಗಾಯತರವಳು. ನನ್ನ ತುಟಿ ಆಡುವುದನ್ನು ನೋಡಿ ಏನಂತೀರಿ ಅಕ್ಕಾ ಅಂದಳು. ಹೇಳಿದೆ. ಈಗ ಅವಳು ಪಕ್ಕದ ನಲ್ಲಿಯಲ್ಲಿ ಶರಣರ ವಚನ ಹೇಳಿಕೊಳ್ಳುತ್ತಾಳೆ. ಇಬ್ಬರ ಕೈಯೂ ಚೊಕ್ಕ.

ಬಾಯಿಪಾಠದ ಬೆಲೆ ನನಗೆ ಗೊತ್ತಾದದ್ದು ಅವ್ವನಿಂದ. ಅವ್ವನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಬಿತ್ತು, ಮಾತೂ ಹೋಯಿತು. ಮೆದುಳಿನ ಎಡಭಾಗಕ್ಕೆ ಪೆಟ್ಟಾದರೆ ಹೀಗಾಗುವುದುಂಟು. ಅವ್ವನಿಗೆ ಎಲ್ಲ ಅರ್ಥವಾಗುತ್ತಿತ್ತು, ಹೇಳಬೇಕಾದ ಶಬ್ದ ಮಾತ್ರ ಸಿಗುತ್ತಿರಲಿಲ್ಲ. ನೀರು ಬೇಕಾದರೆ "ಅದು, ಅದು" ಅಂತ ಚೊಂಬು ತೋರಿಸುತ್ತಿದ್ದಳು, ನಾವು ಚಹಾ ಕೊಟ್ಟರೆ ಸಿಟ್ಟಿಗೆ ಕಣ್ಣೀರು. ಒಂದು ಸಂಜೆ ಮನೆ ಪ್ರಾರ್ಥನೆಯಲ್ಲಿ ಅಣ್ಣನ ಹೆಂಡತಿ, ನಮ್ಮ ವೈನಿ, "ಪರಲೋಕದಲ್ಲಿರುವ" ಅಂತ ಶುರುಮಾಡಿದರು. ಮಂಚದ ಮೇಲಿಂದ ಅವ್ವನ ದನಿ ಕೂಡಿಕೊಂಡಿತು. "ನಮ್ಮ ತಂದೆಯೇ, ನಿನ್ನ ನಾಮವು ಪರಿಶುದ್ಧವೆಂದು..." ಒಂದು ಅಕ್ಷರ ತಪ್ಪದೆ ಆಮೆನ್‌ವರೆಗೆ. ಅಣ್ಣ ಮಗ್ಗದಿಂದ ಎದ್ದು ಬಂದು ಬಾಗಿಲಲ್ಲಿ ನಿಂತ. ಆಮೆನ್ ಆದ ಮೇಲೆ ಅವ್ವ ನೀರು ಕೇಳಬೇಕಾಗಿ ಬಂತು. ಮತ್ತೆ "ಅದು, ಅದು".

ಓಣಿಯವರು ಅದ್ಭುತ ಅಂದರು. ನಾನು ಅವರ ಮಾತಿಗೆ ಅಡ್ಡ ಬರಲಿಲ್ಲ, ಆದರೆ ಇದಕ್ಕೆ ಕಾರಣ ನನಗೆ ಗೊತ್ತು. ಹೊಸದಾಗಿ ಮಾತು ಜೋಡಿಸುವ ಜಾಗ ಕೆಟ್ಟರೂ, ಸಾವಿರ ಸಲ ಹೇಳಿದ ಪ್ರಾರ್ಥನೆ, ಹಾಡು, ಎಣಿಕೆ ಎಷ್ಟೋ ರೋಗಿಗಳಲ್ಲಿ ಉಳಿದಿರುತ್ತವೆ. ಮಾತು ಕಲಿಸುವ ಸ್ಪೀಚ್ ಥೆರಪಿಯಲ್ಲಿ ಹಾಡನ್ನು ಬಳಸುವುದೂ ಇದಕ್ಕೇ. ಕಾರಣ ಗೊತ್ತಿದ್ದರೆ ಕೃತಜ್ಞತೆ ಕಡಿಮೆಯಾಗಬೇಕು ಅಂತೇನಿಲ್ಲ, ಅಲ್ವಾ? ಗುಳೇದಗುಡ್ಡಕ್ಕೆ ಸುವಾರ್ತೆ ಸಾರಲು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್‌ನವರು ಬಂದದ್ದು 1851ರಲ್ಲಿ. ನಮ್ಮ ಅಜ್ಜಿಗೆ ಓದು ಬರುತ್ತಿರಲಿಲ್ಲ, ಖಣ ನೇಯುವ ಮನೆ. ಕೇಳಿ ಕೇಳಿ ಕಲಿತದ್ದನ್ನು ಅವ್ವನಿಗೆ ಬಾಯಿಂದಲೇ ದಾಟಿಸಿದ್ದಳು. ಶಬ್ದ ಕೈಕೊಟ್ಟ ದಿನ ಅವ್ವನ ಹತ್ತಿರ ಉಳಿದದ್ದು ಆ ಗಂಟು.

ಅಂದಿನಿಂದ ನಾನೂ ಬಾಯಿಪಾಠ ಮಾಡುತ್ತೇನೆ. ಎಫೆಸದ ಆ ಪ್ರಾರ್ಥನೆ, 23, 27, 121ನೇ ಕೀರ್ತನೆಗಳು. ಗುಳೇದಗುಡ್ಡದ ಬಸ್ಸಿನಲ್ಲಿ ಕೂತು ಒಂದೊಂದೇ ವಚನ. ಪೌಲನ ಪ್ರಾರ್ಥನೆಯಲ್ಲಿ "ನೀವು" ಅಂತ ಬರುವ ಕಡೆ ಒಬ್ಬರ ಹೆಸರು ಸೇರಿಸುತ್ತೇನೆ. ಅವ್ವ, ವೈನಿ, ಡ್ಯೂಟಿಯಲ್ಲಿ ಜಗಳವಾಡಿದ ಇನ್‌ಚಾರ್ಜ್. ಜಗಳವಾಡಿದವರ ಹೆಸರು ಸೇರಿಸಿ ಹೇಳಿ ನೋಡಿ, "ಪ್ರೀತಿಯ ಅಗಲ ಉದ್ದ" ಅನ್ನುವಲ್ಲಿ ಬಾಯಿ ತಡೆಯುತ್ತದೆ.

ಲಕ್ವಾದ ಮಾತು ಬಂದಿದ್ದಕ್ಕೆ ನರ್ಸ್ ಆಗಿ ಒಂದು ಹೇಳಿಬಿಡುತ್ತೇನೆ. ಮುಖ ಒಂದು ಕಡೆ ವಾಲಿದರೆ, ಕೈ ಮೇಲೇಳದಿದ್ದರೆ, ಮಾತು ತೊದಲಿದರೆ ತಕ್ಷಣ 108ಕ್ಕೆ ಫೋನ್ ಮಾಡಿ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ನನ್ನು ಲಕ್ಷಣ ಶುರುವಾದ ಸುಮಾರು 4.5 ಗಂಟೆಯೊಳಗೆ ಕೊಡಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಮನೆಯಲ್ಲಿ ಎಣ್ಣೆ ಹಚ್ಚಿಕೊಂಡು, ಕೂಟ ಕರೆದುಕೊಂಡು ಕಾಯಬೇಡಿ. ಪ್ರಾರ್ಥನೆ ಆಂಬುಲೆನ್ಸಿನಲ್ಲೂ ಮಾಡಬಹುದು.

ಅವ್ವನ ಆರೈಕೆಯ ಭಾರ ಬಿದ್ದದ್ದು ವೈನಿಯ ಮೇಲೆ. ಮೊದಮೊದಲು ಹಾಸಿಗೆ ಹುಣ್ಣು ಆಗದಂತೆ ಎರಡೆರಡು ತಾಸಿಗೆ ಮಗ್ಗಲು ಬದಲಿಸಬೇಕಿತ್ತು. ನಾನು ರಜೆಯ ದಿನ ಹೋಗಿ ಮಾಡುತ್ತಿದ್ದೆ, ಉಳಿದ ದಿನ ಅವರೇ. "ದೇವರು ನಿಮಗ ಬಲ ಕೊಡಲಿ ವೈನಿ" ಅಂತ ಫೋನಿನಲ್ಲಿ ಹೇಳಿ ಇಡುವುದು ಬಹಳ ಸುಲಭ. ಬೈಬಲಿನಲ್ಲಿ ಇಸ್ರಾಯೇಲ್ಯರಿಗೆ ಅಮಾಲೇಕ್ಯರ ಜೊತೆ ಯುದ್ಧವಾದಾಗ, ಅವರ ನಾಯಕ ಮೋಶೆ ಕೈ ಎತ್ತಿ ಹಿಡಿದಷ್ಟು ಹೊತ್ತು ಅವರು ಗೆಲ್ಲುತ್ತಿದ್ದರು. ಅವನ ಕೈ ಸೋತಿತು. ಆರೋನ, ಹೂರ ಇಬ್ಬರೂ ಅವನಿಗೆ ಬಲ ಬರಲಿ ಅಂತ ಕೇಳುತ್ತಾ ನಿಲ್ಲಲಿಲ್ಲ. ಮೊದಲು ಒಂದು ಕಲ್ಲು ತಂದು ಕೂರಿಸಿದರು, ಆಮೇಲೆ ಆಚೆ ಈಚೆ ನಿಂತು ಕೈ ಹಿಡಿದರು. ಆ ಕಲ್ಲು ನನಗೆ ಇಷ್ಟ. ಈಗ ನಮ್ಮ ಕೂಟದ ಇಬ್ಬರು ಹೆಂಗಸರು ವಾರದಲ್ಲಿ ಒಂದು ಮಧ್ಯಾಹ್ನ ಅವ್ವನ ಹತ್ತಿರ ಕೂರುತ್ತಾರೆ, ವೈನಿ ಮಲಗುತ್ತಾರೆ.

ನಿದ್ದೆಯ ವಿಷಯದಲ್ಲಿ ನಾನು ಹಟಮಾರಿ. ಬೈಬಲಿನ ಪ್ರವಾದಿ ಎಲೀಯ ಸಾಯಬೇಕು ಅಂತ ಗಿಡದ ಕೆಳಗೆ ಬಿದ್ದುಕೊಂಡಾಗ ದೂತ ಮೊದಲು ಮಾಡಿದ್ದು ಎಬ್ಬಿಸಿ ರೊಟ್ಟಿ, ನೀರು ಕೊಟ್ಟದ್ದು. ತಿಂದ, ಮತ್ತೆ ಮಲಗಿದ. ಎರಡನೇ ಸಲವೂ ಊಟವೇ. ಆಮೇಲೆ 40 ದಿನದ ದಾರಿ ನಡೆದ. ನೈಟ್ ಮುಗಿಸಿ ಬಂದು, ಕಿಟಕಿಗೆ ಕಂಬಳಿ ಕಟ್ಟಿ, ಕೂಲರ್ ಹಾಕಿ ನಾನು ಮಲಗಿದರೆ ಬಾಗಿಲು ಬಡಿದು ಉಪವಾಸ ಪ್ರಾರ್ಥನೆಗೆ ಕರೆಯುವ ಅಕ್ಕಂದಿರಿದ್ದಾರೆ. ಹೋಗುವುದಿಲ್ಲ. ನಿದ್ದೆಗೆಟ್ಟ ನರ್ಸ್ ಔಷಧದ ಡೋಸ್ ತಪ್ಪಿಸಿದರೆ ಯಾರು ಹೊಣೆ?

ಪ್ರಾರ್ಥನೆಗೆ ಮಾತೇ ಹುಟ್ಟದ ದಿನಗಳೂ ಇರುತ್ತವೆ. ಚಿಕ್ಕ ಮಗು ತೀರಿಕೊಂಡ ರಾತ್ರಿ ಏನು ಕೇಳುವುದು? ಆಗ 13ನೇ ಕೀರ್ತನೆ ತೆಗೆಯುತ್ತೇನೆ, ಎಷ್ಟರವರೆಗೆ ಮರೆತಿರುತ್ತೀ ಅಂತ ದೇವರನ್ನೇ ಕೇಳುವ ಕೀರ್ತನೆ. ಇನ್ನೂ ಭಾರ ಇದ್ದರೆ 88, ಅದು ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನು ಬೈಬಲಿನಲ್ಲಿ ಇಟ್ಟವರು ಸಿಹಿ ಸೇರಿಸಲು ಹೋಗಲಿಲ್ಲ. ಅದೂ ಆಗದಿದ್ದರೆ ಸುಮ್ನೆ ಕೂರುತ್ತೇನೆ. ನಮಗೆ ಬೇಡಿಕೊಳ್ಳಲು ತಿಳಿಯದಾಗ ಆತ್ಮನೇ ನರಳಿ ಬೇಡುತ್ತಾನೆ ಅಂತ ರೋಮಾಪುರದವರಿಗೆ ಬರೆದ ಪತ್ರದ ಎಂಟನೇ ಅಧ್ಯಾಯದಲ್ಲಿದೆ, ಅದನ್ನು ನಂಬಿ ಕೂರುತ್ತೇನೆ. ಇಂಥ ದಿನಗಳು ವಾರಗಟ್ಟಲೆ ಮುಂದುವರಿದು ಊಟ, ನಿದ್ದೆ, ಬದುಕುವ ಆಸೆ ಹೋದರೆ ಡಾಕ್ಟರ ಹತ್ತಿರ ಹೋಗಬೇಕು. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416, ದುಡ್ಡಿಲ್ಲದೆ ಮಾತಾಡಬಹುದು. ವಿಶ್ವಾಸ ಕಡಿಮೆ ಅಂತ ಹಣೆಪಟ್ಟಿ ಹಚ್ಚುವವರ ಮಾತು ಬಿಡಿ.

ಜೋರು ದನಿಗೂ ಬಲಕ್ಕೂ ಸಂಬಂಧ ಇದೆ ಅಂತ ನನಗೆ ಅನಿಸುವುದಿಲ್ಲ. ಮೈಕಿನಲ್ಲಿ ಕೂಗಿ ಪ್ರಾರ್ಥಿಸುವವರನ್ನು ಗೌರವಿಸುತ್ತೇನೆ. ಆದರೆ ಐಸಿಯುನಲ್ಲಿ ಕೂಗಲು ಬಿಡುವುದಿಲ್ಲ, ಅಲ್ಲಿ ತುಟಿ ಆಡಿಸಿದರೆ ಸಾಕಾಗುತ್ತದೆ.

ಅವ್ವ ಈಗ ಕೋಲು ಹಿಡಿದು ಹಿತ್ತಲವರೆಗೆ ಹೋಗುತ್ತಾಳೆ. ಬಲಗೈ ಬಂದಿಲ್ಲ, ಅದಕ್ಕಾಗಿ ಇನ್ನೂ ಕೇಳುತ್ತಿದ್ದೇನೆ. ಈ ವಾರ ಎಫೆಸದ ಪ್ರಾರ್ಥನೆಯಲ್ಲಿ ಮೊದಲ ಹೆಸರು ವೈನಿಯದು. ಅವ್ವನನ್ನು ಎತ್ತಿ ಎತ್ತಿ ಅವರ ಸೊಂಟ ಹಿಡಿದುಕೊಂಡಿದೆ ಅಂತ ನೆನಪಾದದ್ದು ಆ ಹೆಸರು ಹೇಳುವಾಗಲೇ. ಸೊಂಟದ ಬೆಲ್ಟ್ ತೆಗೆದುಕೊಂಡಿದ್ದೇನೆ, ಭಾನುವಾರ ಆರಾಧನೆ ಮುಗಿಸಿ ಮಧ್ಯಾಹ್ನದ ಬಸ್ಸಿಗೆ ಹೋಗಿ ಕೊಟ್ಟುಬರಬೇಕು.