ಹೈಫಾ ಕೊಲ್ಲಿಯ ಹದ್ದುಬಸ್ತು: ಒಂದೇ ಬಯಲು, ವಿಮಾನಕ್ಕೂ ಬೇಕು, ಎಣ್ಣೆಗೂ ಬೇಕು

ಭೂಮಾಪನ ಇಲಾಖೆಯಲ್ಲಿ ಬಹಳ ವರ್ಷ ಚೈನು ಎಳೆಸಿದವನು ನಾನು. ನಿವೃತ್ತಿಯಾದ ಮೇಲೆ ಹಳೇ ನಕಾಶೆಗಳನ್ನು ಕಂಪ್ಯೂಟರಿನಲ್ಲಿ ಇಂದಿನ ಉಪಗ್ರಹ ಚಿತ್ರದ ಮೇಲೆ ಕೂರಿಸುವುದನ್ನು ಕಲಿತೆ. ಬೆಂಗಳೂರಿನ ಹಳ್ಳಿ ನಕಾಶೆಗಳಲ್ಲೇ ಮುಳುಗಿದ್ದವನನ್ನು ಈಗಿನ ಇಸ್ರೇಲಿನ ಬಂದರು ಊರು ಹೈಫಾಗೆ ಕರೆದೊಯ್ದವರು ಪಕ್ಕದ ಮನೆಯ ಮೇಷ್ಟ್ರು. ಅವರ ತಾತ ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್‌ನಲ್ಲಿದ್ದವರು. ಜೆ.ಸಿ. ನಗರದಲ್ಲಿರುವ ಆ ಪಡೆಯ ಸ್ಮಾರಕಕ್ಕೆ ಹೋಗಿ ಬಂದ ಒಂದು ದಿನ ಕೇಳಿದರು, "ಸರ್ವೇಯರ್ ಸಾಹೇಬ್ರೇ, 1918ರಲ್ಲಿ ನಮ್ಮವರು ಹೋರಾಡಿದ ಜಾಗದಲ್ಲಿ ಈಗ ಏನಿದೆ, ತೋರಿಸ್ತೀರಾ?"

1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರದ ಕುದುರೆ ಪಡೆಗಳು ಬ್ರಿಟಿಷರ ಪರವಾಗಿ ಹೋರಾಡಿ ತುರ್ಕರ ಕೈಯಿಂದ ಹೈಫಾ ಊರನ್ನು ಗೆದ್ದವು. ಮೈಸೂರಿನ ಒಂದು ತುಕಡಿ ಕಾರ್ಮೆಲ್ ಬೆಟ್ಟ ಹತ್ತಿ ಫಿರಂಗಿಗಳ ಮೇಲೆ ಬಿತ್ತು. ಕೆಳಗೆ ಕಿಶೋನ್ ಹೊಳೆಯ ದಂಡೆಯಲ್ಲಿ ಕುದುರೆಗಳು ಕುಸಿಯುವ ಮರಳಿಗೆ ಸಿಕ್ಕಿಕೊಂಡವು. ಆ ಜಾಗವನ್ನು ಹುಡುಕೋದಷ್ಟೇ ನನ್ನ ಕೆಲಸ ಅಂದುಕೊಂಡಿದ್ದೆ. ಹುಡುಕಿದಾಗ ಅದರ ಸುತ್ತಮುತ್ತ ಒಂದು ಕಡೆ ವಿಮಾನ ನಿಲ್ದಾಣ, ಇನ್ನೊಂದು ಕಡೆ ಎಣ್ಣೆ ಕಾರ್ಖಾನೆ ಕಂಡವು. ಇವೆರಡೂ ಈ ಕೆಸರು ಬಯಲಿಗೇ ಯಾಕೆ ಬಂದವು ಅನ್ನೋ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಬ್ರಿಟಿಷರ ಕಾಲದ ಪ್ಯಾಲೆಸ್ಟೈನ್ ಸರ್ವೆ ಇಲಾಖೆಯ 1:20,000 ಹಾಳೆಗಳು ಅಂತರ್ಜಾಲದಲ್ಲಿ ಎಲ್ಲರಿಗೂ ಸಿಗುತ್ತವೆ. ಹಾಳೆಯ ಮೇಲಿನ ಒಂದು ಸೆಂಟಿಮೀಟರ್ ಅಂದರೆ ನೆಲದ ಮೇಲೆ 200 ಮೀಟರ್. ಕ್ಯೂಜಿಐಎಸ್ ಅನ್ನೋ ಉಚಿತ ತಂತ್ರಾಂಶಕ್ಕೆ ಹಾಳೆಯನ್ನು ಹಾಕಿ, ಮೂಲೆಗಳಲ್ಲಿ ಅಚ್ಚಾಗಿದ್ದ ಗ್ರಿಡ್ ಅಂಕಿಗಳನ್ನು, ಅಂದರೆ ಜಾಗ ಗುರುತಿಸುವ ಚೌಕಗೆರೆಗಳ ಅಂಕಿಗಳನ್ನು, ಕೊಟ್ಟೆ. ಹೈಫಾ ಹೋಗಿ ಸಿನಾಯ್ ಅಂಚಿನಲ್ಲಿ ಬಿತ್ತು! ಸುಮಾರು 500 ಕಿಲೋಮೀಟರ್ ದಕ್ಷಿಣಕ್ಕೆ. ನಾನು ಇಸ್ರೇಲಿನ ಈಗಿನ ಗ್ರಿಡ್ ಆರಿಸಿದ್ದೆ. ಹಳೇ ಹಾಳೆಗಳಿಗೆ 1923ರ ಪ್ಯಾಲೆಸ್ಟೈನ್ ಗ್ರಿಡ್ ಬೇಕು. ಎರಡಕ್ಕೂ ಪೂರ್ವದ ಅಂಕಿಯಲ್ಲಿ ಸುಮಾರು 50 ಕಿಲೋಮೀಟರ್, ಉತ್ತರದ ಅಂಕಿಯಲ್ಲಿ 500 ಕಿಲೋಮೀಟರ್ ವ್ಯತ್ಯಾಸ ಇದೆ. ಈ ಕೆಲಸಕ್ಕೆ ಇಳಿಯುವವರು ಮೊದಲು ನೋಡಬೇಕಾದ್ದು ಇದನ್ನೇ.

ಎರಡನೇ ತಪ್ಪು ಇನ್ನೂ ಪಾಠ ಕಲಿಸಿತು. ಹಾಳೆಯನ್ನು ಇನ್ನಷ್ಟು ಬಿಗಿ ಮಾಡೋಣ ಅಂತ ಹೊಳೆ ಸಮುದ್ರ ಸೇರುವ ಜಾಗವನ್ನೂ ಕರಾವಳಿಯ ಎರಡು ತಿರುವುಗಳನ್ನೂ ಗುರುತಾಗಿ ಹಿಡಿದೆ. ಹಾಳೆ ಸೊಟ್ಟಗಾಯಿತು. ಕಾರಣ ಸರಳ. ಅಲ್ಲಿ ಸಮುದ್ರವನ್ನೇ ತುಂಬಿಸಿ ನೆಲ ಮಾಡಿದ್ದಾರೆ. 1933ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಬಂದರಿಗಾಗಿ ದಡವನ್ನೇ ಮುಂದಕ್ಕೆ ತಳ್ಳಿದರು. ಹೊಳೆಯ ಬಾಯಿಯನ್ನೂ ಆಮೇಲೆ ಬದಲಿಸಿದರು. ನಮ್ಮಲ್ಲಿ ಕೆರೆಯ ಅಂಗಳವನ್ನು ನಂಬಿ ಯಾರಾದರೂ ಹದ್ದುಬಸ್ತು ಮಾಡ್ತಾರಾ? ಬಾಂದು ಕಲ್ಲು ಹುಡುಕಬೇಕು. ನನಗೆ ಸಿಕ್ಕ ಬಾಂದು ಕಲ್ಲುಗಳು ಮೂರು. ಕಾರ್ಮೆಲ್ ಮೇಲಿನ ಸ್ಟೆಲ್ಲಾ ಮಾರಿಸ್ ಮಠ, ಜರ್ಮನ್ ಕಾಲೊನಿಯ ನೇರ ರಸ್ತೆ, ಹಿಜಾಜ್ ರೈಲಿನ ಹಳೇ ನಿಲ್ದಾಣ. ಅವನ್ನು ಹಿಡಿದ ಮೇಲೆ ಹಾಳೆ ತಣ್ಣಗೆ ಕೂತಿತು.

ಆಮೇಲೆ ಬಣ್ಣದ ಕೆಲಸ. ಬೆಟ್ಟಕ್ಕೆ ಕಂದು, ಜೌಗಿಗೆ ನೀಲಿ, ಮರಳಿಗೆ ಹಳದಿ. ಕೊನೆಗೆ ಉಳಿದ ಸಪಾಟು ಒಣ ನೆಲ ನೋಡಿ ಎದೆ ಝಲ್ ಎಂದಿತು. ಅಷ್ಟು ಕಮ್ಮಿ! ಊರಿನ ಬೆನ್ನಿಗೇ ಕಾರ್ಮೆಲ್. ಎದುರು ಸಮುದ್ರ. ಪೂರ್ವದ ಕಿಶೋನ್ ಬಯಲೊಂದೇ ದಾರಿ. ಅದರಲ್ಲೂ ಎಷ್ಟೋ ಭಾಗ ಮಲೇರಿಯಾದ ಜೌಗು. ನಮ್ಮ ಪಹಣಿಯಲ್ಲಾದರೆ 'ಖರಾಬು' ಅಂತ ಬರೆದು ಮುಗಿಸುತ್ತಿದ್ದರು. ಆದರೆ ಖರಾಬು ಅಂದ ಮಾತ್ರಕ್ಕೆ ಅದು ಯಾರೂ ತುಳಿಯದ ನೆಲ ಅಲ್ಲ. ದನ ಮೇಯಿಸುವವರು, ಜೊಂಡು ಕುಯ್ಯುವವರು ಅಂಥ ನೆಲದಲ್ಲೇ ಬದುಕುತ್ತಾರೆ. ನನ್ನ ಸರ್ವಿಸ್ಸಿನ ಉದ್ದಕ್ಕೂ ಇದನ್ನು ನೋಡಿದ್ದೇನೆ. 1928ರ ಹಕ್ಕು ಇತ್ಯರ್ಥ ಕಾಯಿದೆಯ ನಂತರ ಅಲ್ಲಿನ ಭೂಮಿಯನ್ನು ಬ್ಲಾಕು, ಪಾರ್ಸೆಲ್ಲು ಅಂತ ಅಳೆದು ದಾಖಲು ಮಾಡುತ್ತಾ ಹೋದರು. ನಮ್ಮ ಸರ್ವೆ ನಂಬರಿನ ಹಾಗೇ. ಅಳತೆ ಮುಗಿದ ನೆಲ ಕೈ ಬದಲಾಗುವುದು ಸಲೀಸು.

ಆ ಬಯಲಿಗೆ 1930ರ ದಶಕದಲ್ಲಿ ಗಿರಾಕಿಗಳು ಒಟ್ಟೊಟ್ಟಿಗೇ ಬಂದರು. ಇರಾಕ್ ಪೆಟ್ರೋಲಿಯಂ ಕಂಪನಿ ಇರಾಕಿನ ಕಿರ್ಕುಕ್‌ನಿಂದ 12 ಇಂಚಿನ ಕೊಳವೆ ಹಾಕಿತು. ಹದಿಥಾದಲ್ಲಿ ಅದು ಕವಲೊಡೆದು ಒಂದು ಫ್ರೆಂಚರ ಕೈಲಿದ್ದ ಲೆಬನಾನಿನ ಟ್ರಿಪೋಲಿಗೆ, ಇನ್ನೊಂದು ಬ್ರಿಟಿಷರ ಹೈಫಾಗೆ ಹೋಯಿತು. 1934ರಲ್ಲಿ ಹೈಫಾಗೆ ಎಣ್ಣೆ ಮುಟ್ಟಿತು. ಅದೇ 1934ರಲ್ಲಿ ವಿಮಾನ ನಿಲ್ದಾಣದ ಕೆಲಸವೂ ಶುರುವಾಯಿತು. ಸರ್ಕಾರ, ಸೈನ್ಯ, ಜೊತೆಗೆ ಆ ಎಣ್ಣೆ ಕಂಪನಿಯ ಓಡಾಟಕ್ಕೂ ಅದು ಬೇಕಿತ್ತು. ಗಮನಿಸಿ, ನೆಲಕ್ಕಾಗಿ ಎದುರುಬದುರಾದ ಇಬ್ಬರಲ್ಲಿ ಒಬ್ಬರು ಇನ್ನೊಬ್ಬರ ಪ್ರಯಾಣಿಕರು! 1939ರಲ್ಲಿ ಶುದ್ಧೀಕರಣ ಕಾರ್ಖಾನೆಯೂ ಶುರುವಾಯಿತು. ಬ್ರಿಟಿಷ್ ನಗರ ಯೋಜಕರಾದ ಪ್ಯಾಟ್ರಿಕ್ ಅಬರ್‌ಕ್ರಾಂಬಿ, ಕ್ಲಿಫರ್ಡ್ ಹಾಲಿಡೇ ಇಬ್ಬರೂ ಕೊಲ್ಲಿಗೆ ಯೋಜನೆ ಬರೆದುಕೊಟ್ಟರು. ಕಾರ್ಖಾನೆ ದಕ್ಷಿಣಕ್ಕೆ, ಮನೆಗಳು ಉತ್ತರಕ್ಕೆ, ನಡುವೆ ಹಸಿರು.

ಎರಡರ ಬೇಡಿಕೆಯನ್ನೂ ಪಕ್ಕಪಕ್ಕ ಬರೆದುಕೊಂಡೆ. ಎಣ್ಣೆಗೆ ಹಡಗು ಹತ್ತಿರ ಇರಬೇಕು, ಟ್ಯಾಂಕುಗಳ ನಡುವೆ ಬೆಂಕಿ ಹಾರದಷ್ಟು ಅಂತರ ಬೇಕು, ಮನೆಗಳಿಂದ ದೂರ ಬೇಕು, ಮುಂದೆ ಬೆಳೆಯಲು ಹಿಂದೆ ಜಾಗ ಬೇಕು. ವಿಮಾನಕ್ಕೆ ಉದ್ದದ ಪಟ್ಟಿ ಬೇಕು. ಪಟ್ಟಿಯ ಎರಡೂ ತುದಿಯಾಚೆ ಎತ್ತರದ್ದೇನೂ ಇರಬಾರದು. ನೆಲದ ಮೇಲೆ ಕಮ್ಮಿ, ಗಾಳಿಯಲ್ಲಿ ಜಾಸ್ತಿ ಕೇಳುವ ಗಿರಾಕಿ ಅದು. ಟ್ಯಾಂಕು, ಚಿಮಣಿ ಎದ್ದ ಕಡೆ ಈ ಗಾಳಿಯ ಹಕ್ಕು ತಾನಾಗೇ ಹೋಗಿಬಿಡುತ್ತದೆ.

ನಕಾಶೆಯಲ್ಲಿ ಯಾರು ಗೆದ್ದರು ಅನ್ನೋದು ಕಣ್ಣಿಗೇ ಕಾಣುತ್ತದೆ. ಹೊಳೆಯ ಆಚೆ ಎಣ್ಣೆಗೆ ಅಗಲವಾದ ಜಾಗ. ಹೊಳೆಯ ಈಚೆ, ಬಂದರು, ರೈಲು, ಹೊಳೆ ಮೂರರ ಮಧ್ಯೆ ಸಿಕ್ಕ ಪಟ್ಟಿಯಲ್ಲಿ ರನ್‌ವೇ. ಇಂದಿಗೂ ಅದರ ಉದ್ದ 1,318 ಮೀಟರ್ ಮಾತ್ರ. 1937ರಲ್ಲಿ ಅಲ್ಲಿಂದ ಹಾರಿದ ಪ್ಯಾಲೆಸ್ಟೈನ್ ಏರ್‌ವೇಸ್‌ನ ಪುಟ್ಟ ಶಾರ್ಟ್ ಸಯಾನ್ ವಿಮಾನಗಳಿಗೆ ಅಷ್ಟು ಧಾರಾಳ. ಈಗ ನಮ್ಮ ಮೈಸೂರಿಗೆ ಬರುವ ಎಟಿಆರ್‌ನಂಥ ಚಿಕ್ಕ ಪ್ರಯಾಣಿಕ ವಿಮಾನಗಳು ಇಳಿದರೆ ಹೆಚ್ಚು. ದೊಡ್ಡ ನಿಲ್ದಾಣ ಲಿಡ್ಡಾದ ತೆರೆದ ಬಯಲಿಗೆ ಹೋಯಿತು. ಜೆರುಸಲೇಮ್, ಟೆಲ್ ಅವಿವ್ ಎರಡಕ್ಕೂ ಅದು ಹತ್ತಿರ, ನಿಜ. ಆದರೆ ನನ್ನ ತೀರ್ಮಾನ ಇಷ್ಟು: ವಿಮಾನ ಬೇರೆ ಕಡೆ ಹೋಗಬಲ್ಲದು, ಕೊಳವೆಯ ಬಾಯಿ ಹಡಗನ್ನು ಬಿಟ್ಟು ಹೋಗಲಾರದು. ಹಾಗಾಗಿ ಬಿಟ್ಟುಕೊಟ್ಟಿದ್ದು ವಿಮಾನ.

ಇದನ್ನು ಖಾತ್ರಿ ಮಾಡಿಕೊಳ್ಳಲು ಕೊಳವೆಯ ದಾರಿ ಹಿಡಿದು ಮರಳುಗಾಡಿಗೂ ಹೋದೆ, ಪರದೆಯ ಮೇಲೆಯೇ. ಅಲ್ಲಿ ಜಗಳವೇ ಇಲ್ಲ! ಕೊಳವೆ ಬರುವ ಎಷ್ಟೋ ಮೊದಲೇ, 1921ರಲ್ಲಿ, ಅಮ್ಮಾನ್ ಕಡೆಯಿಂದ ಬಾಗ್ದಾದಿಗೆ ಟಪಾಲು ವಿಮಾನಗಳು ದಾರಿ ತಪ್ಪದಿರಲಿ ಅಂತ ನೆಲದಲ್ಲಿ ಗೀರು ಎಳೆದಿದ್ದರು. ಆಮೇಲೆ ಕೊಳವೆಯ ಪಂಪ್ ಠಾಣೆಗಳ ಬಳಿ ವಿಮಾನ ಇಳಿಯುವ ಮೈದಾನಗಳಾದವು. ಹೈಫಾ ಕವಲಿನ ಠಾಣೆಗಳಿಗೆ ಎಚ್1ರಿಂದ ಎಚ್5ರವರೆಗೆ ಹೆಸರು. ಇರಾಕಿನ ಎಚ್3 ವಾಯುನೆಲೆಗೆ ಹೆಸರು ಬಂದಿದ್ದು ಆ ಪಂಪ್ ಠಾಣೆಯಿಂದಲೇ. ನೆಲ ಹೇರಳವಾಗಿದ್ದ ಕಡೆ ಇಬ್ಬರೂ ನೆಂಟರು.

ಮೂರು ತಿಂಗಳ ಮೇಲೆ ಮೇಷ್ಟ್ರನ್ನು ಕರೆದೆ. ಉಪಗ್ರಹ ಚಿತ್ರದಿಂದ ಶುರು ಮಾಡಿ ಒಂದೊಂದೇ ಪದರ ತೆಗೆದೆ. ಕಾರ್ಖಾನೆ ಹೋಯಿತು. ರನ್‌ವೇ ಹೋಯಿತು. ಬಂದರು ಹೋಗಿ ಸಮುದ್ರ ಒಳಗೆ ಬಂತು. ಜೌಗು, ಮರಳು, ಹೊಳೆ, ಬೆಟ್ಟದ ಬುಡದ ರೈಲು ಉಳಿದವು. ಮೇಷ್ಟ್ರು ಕನ್ನಡಕ ಒರೆಸಿಕೊಂಡು ಹತ್ತಿರ ಬಂದರು. "ನಮ್ಮ ತಾತ ಯಾವ ಕಡೆ ಇದ್ದಿರಬಹುದು?" ಅಂದರು. ಬೆಟ್ಟ ಹತ್ತಿದ ತುಕಡಿಯೋ ಕೆಳಗಿನದೋ ಅಂತ ಕೇಳಿದೆ. "ಬೆಟ್ಟ ಅಂತ ಅಮ್ಮ ಹೇಳೋರು" ಅಂದರು. ನಾನು ಕಾರ್ಮೆಲ್‌ನ ಬೆನ್ನನ್ನು ದೊಡ್ಡದು ಮಾಡಿ ತೋರಿಸಿದೆ.