ಟುಲಿಪ್ ಹೊಲದಲ್ಲಿ ಉಳ್ಳಾಗಡ್ಡಿಯ ನೆನಪು

ಏಪ್ರಿಲ್ ಕೊನೆಯ ವಾರ. ನೆದರ್‌ಲ್ಯಾಂಡ್ಸ್‌ನ ಲಿಸ್ಸೆ ಊರಿನ ಹೊರಗೆ ಹೊಲದ ಅಂಚಿಗೆ ನಿಂತಿದ್ದೆವು. ಎದುರಿಗೆ ಕೆಂಪು ಟುಲಿಪ್, ಅದರಾಚೆ ಹಳದಿ. ಅಷ್ಟರಲ್ಲಿ ಒಂದು ಯಂತ್ರ ಬಂತು. ಅರಳಿ ನಿಂತ ಹೂವಿನ ತಲೆಗಳನ್ನು ಚಕಚಕ ಕತ್ತರಿಸಿ ಅಲ್ಲೇ ಚೆಲ್ಲುತ್ತಾ ಹೋಯಿತು. ಹಿಂದೆ ಉಳಿದದ್ದು ಬರೀ ದಂಟು, ಎಲೆ.

ನನ್ನ ಹೆಂಡತಿ ಹೌಹಾರಿದಳು. “ಅಯ್ಯ, ಇದೇನ್ರೀ! ಇಷ್ಟ್ ಹೂವು ದೇವರಿಗೂ ಇಲ್ಲ, ತಲಿಗೂ ಇಲ್ಲ?”

ನನಗೆ ಮಾತ್ರ ಅಪ್ಪ ನೆನಪಾದರು. ಬಸವನ ಬಾಗೇವಾಡಿ ಹತ್ತಿರ ನಮ್ಮದು ನಾಲ್ಕು ಎಕರೆ ಎರೆ ಹೊಲ. ಉಳ್ಳಾಗಡ್ಡಿ ಹೂವಿನ ದಂಟು ಬಿಟ್ಟರೆ ಗಡ್ಡಿ ತುಂಬುವುದಿಲ್ಲ ಅಂತ ಅಪ್ಪ ಕಂಡಕಂಡಲ್ಲಿ ಮುರಿದು ಒಗೆಯುತ್ತಿದ್ದರು. ಇಲ್ಲೂ ಅದೇ ಲೆಕ್ಕ. ಹೂವು ಬೀಜ ಕಟ್ಟಲು ಹೋದರೆ ಗಡ್ಡೆ ಸೊರಗುತ್ತದೆ. ಜೂನ್, ಜುಲೈನಲ್ಲಿ ಕಿತ್ತು ಮಾರುವುದು ಆ ಗಡ್ಡೆಯನ್ನೇ. ಅಂದರೆ ಜಗತ್ತೆಲ್ಲ ಫೋಟೊ ತೆಗೆಯುವ ಆ ಹೊಲಗಳು ಹೂವಿನ ಬೆಳೆಯೇ ಅಲ್ಲ!

ಹಾಗಾದರೆ ಅರಳುವ ತನಕ ಯಾಕೆ ಕಾಯಬೇಕು? ಅರಳಿದರೆ ತಾನೇ ಬೆರಕೆ ಬಣ್ಣದ್ದು ಯಾವುದು, ರೋಗದ್ದು ಯಾವುದು ಗೊತ್ತಾಗೋದು. ಅಂಥ ಗಿಡಗಳನ್ನು ಬುಡಸಮೇತ ಕೀಳುತ್ತಾರೆ. ತಮಾಷೆ ಅಂದರೆ, ಒಂದು ವೈರಸ್ ತಗುಲಿದ ಟುಲಿಪ್ ಎಸಳಿನ ಮೇಲೆ ಬೆಂಕಿಯ ನಾಲಿಗೆಯಂಥ ಪಟ್ಟೆ ಮೂಡುತ್ತದೆ. ನಮ್ಮ ಕುಸುಬಿಗೆ ಬೀಳುತ್ತದಲ್ಲ, ಅಂಥದೇ ಹೇನು ಅದನ್ನು ಹರಡುತ್ತದೆ. ಆ ಪಟ್ಟೆಯ ಹೂವಿಗೇ 1630ರ ದಶಕದಲ್ಲಿ ಜನ ಹುಚ್ಚುಹುಚ್ಚಾಗಿ ದುಡ್ಡು ಸುರಿದರು. 1637ರ ಫೆಬ್ರುವರಿಯಲ್ಲಿ ರೇಟು ಧಡಕ್ಕನೆ ಬಿತ್ತು.

ಕ್ಯೂಕೆನ್‌ಹೋಫ್ ತೋಟವನ್ನೂ ನೋಡಿದೆವು. 32 ಹೆಕ್ಟೇರು, ವರ್ಷವೂ ಸುಮಾರು 70 ಲಕ್ಷ ಗಡ್ಡೆ ನೆಡುತ್ತಾರೆ. ಚೆಂದವೇನೋ ಹೌದು, ಜನಜಂಗುಳಿ ಜಾಸ್ತಿ. ನನಗೆ ಹೊಲವೇ ಸೇರಿತು.

ಮಗನ ಮನೆಯಲ್ಲಿ ಒಂದು ಪಾಕೆಟ್ ಪುಸ್ತಕ ಇಟ್ಟುಕೊಂಡು, ಕಂಡದ್ದನ್ನು ಆವತ್ತೇ ಬರೆಯುತ್ತಿದ್ದೆ. ಹತ್ತು ಟುಲಿಪ್‌ಗಳ ಕಟ್ಟು ತಂದು ನೀರಿಗಿಟ್ಟೆವು. ಹೂದಾನಿಯ ಬಾಯಿಂದ ಮೇಲಕ್ಕೆ ಬೆರಳಿಟ್ಟು ಅಳೆದೆ. ಮೂರು ದಿನಕ್ಕೆ ಎರಡು ಬೆರಳು ಉದ್ದವಾಗಿದ್ದವು! ಕಿತ್ತ ಮೇಲೂ ಬೆಳೆಯುತ್ತವೆ, ಕಿಟಕಿಯ ಬೆಳಕಿನ ಕಡೆ ಬಾಗುತ್ತವೆ. ಚೆಂದ ಕಾಣಲಿ ಅಂತ ನಾನು ಅದೇ ನೀರಿಗೆ ಡ್ಯಾಫೊಡಿಲ್ ಹೂವು ಸೇರಿಸಿ ಕೆಡಿಸಿದೆ. ಅದರ ದಂಟಿನಿಂದ ಲೋಳೆ ಬರುತ್ತದೆ, ಟುಲಿಪ್‌ಗೆ ಅದು ಆಗಿಬರೋದಿಲ್ಲ. ಮರುದಿನ ಎಲ್ಲವೂ ಕತ್ತು ಚೆಲ್ಲಿದ್ದವು. ಡ್ಯಾಫೊಡಿಲ್ಲನ್ನು ಮೊದಲು ಒಂದು ರಾತ್ರಿ ಬೇರೆ ನೀರಲ್ಲಿಟ್ಟು, ದಂಟು ಮತ್ತೆ ಕತ್ತರಿಸದೆ ಸೇರಿಸಬೇಕಂತೆ.

ಗಡ್ಡೆ ತರುವ ಆಸೆಯಿತ್ತು. ಆಮದು ಪರವಾನಗಿ, ಗಿಡದ ಆರೋಗ್ಯದ ಸರ್ಟಿಫಿಕೇಟ್ ಇಲ್ಲದೆ ಭಾರತದೊಳಗೆ ತರುವಂತಿಲ್ಲ. ತಂದರೂ ಅದಕ್ಕೆ ತಿಂಗಳುಗಟ್ಟಲೆ ಥಂಡಿ ಬೇಕು. ವಿಜಯಪುರದ ಬಿಸಿಲಲ್ಲಿ ಎಲ್ಲಿಂದ ತರೋದು?

ಸರಿ, ಎಸಳನ್ನಾದರೂ ಒಣಗಿಸೋಣ ಅಂದುಕೊಂಡೆ. ಮೊದಲ ಸಲ ಇಡೀ ಹೂವನ್ನು ಪೇಪರಿನಲ್ಲಿಟ್ಟು ಮೇಲೆ ಅಕ್ಕಿ ಚೀಲ ಹೇರಿದೆ. ಕಪ್ಪಾಗಿ, ಪೇಪರಿಗೆ ಅಂಟಿ, ವಾಸನೆ ಹೊಡೆಯಿತು. ನೀರಿನಂಶದ ಹೂವು ಅಲ್ವಾ. ಎರಡನೇ ಸಲ ಆರೂ ಎಸಳು ಬಿಡಿಸಿ, ಒಂದಕ್ಕೊಂದು ತಾಗದಂತೆ ಹರಡಿ, ಬೆಳಿಗ್ಗೆ ಸಂಜೆ ಪೇಪರ್ ಬದಲಿಸಿದೆ. ಹತ್ತು ದಿನ ಹಿಡಿಯಿತು. ಹಳದಿ ಎಸಳು ಮಾಸಿ ಚಹಾದ ಕಲೆಯಂತಾಯಿತು. ಕೆಂಪು ಮಾತ್ರ ಹಾಗೇ ಉಳಿಯಿತು, ರೇಷ್ಮೆಯ ಚೂರಿನ ಹಾಗೆ ತೆಳ್ಳಗೆ.

ಊರಿಗೆ ಬಂದು ತಮ್ಮನಿಗೆ ಪುಸ್ತಕ ಬಿಚ್ಚಿ ತೋರಿಸಿದೆ. ಎಸಳಿನ ಕಡೆ ಒಮ್ಮೆ ನೋಡಿದ.

“ಅದಿರ್ಲಿ ಅಣ್ಣಾ, ಗಡ್ಡಿ ಕ್ವಿಂಟಲ್‌ಗೆ ಎಷ್ಟ್ ಹೋಗ್ತದ?”

ಅಂಗಡಿಯಲ್ಲಿ ತೂಕಕ್ಕಲ್ಲ, ಎಣಿಸಿ ಮಾರ್ತಾರೋ ಎಂದೆ. ಅವನು ನಂಬಲೇ ಇಲ್ಲ.